ಮೇ ಮೂವತ್ತೊಂದರ ಬೆಳೆ

ಏಪ್ರಿಲ್ 14, 2008

ಇದು 2007ರ ಡೈರಿ. ತಾರೀಕು ಸರಿ ಇದೆ, ವಾರ ಎರಡು ದಿನ ಹಿಂದಿದೆ. ಐಜೂರು ಸರ್ಕಲ್ಲಿನ ಹತ್ತಿರ ಪ್ರೆಸ್ ಇಟ್ಟಿರುವ ಮುನಿಶಾಮಯ್ಯನವರು ಕಳೆದ ವರ್ಷ ಮಾರಾಟವಾಗದೆ ಉಳಿದ ಡೈರಿಗಳಲ್ಲಿ ಒಂದನ್ನು ನನಗೆ ಕೊಟ್ಟರು. ಕೊಟ್ಟರು ಎನ್ನುವುದು ಪೂರ್ತಿ ಸರಿಯಲ್ಲ. ಒಂದು ಗೃಹಪ್ರವೇಶದ ಕಾರ್ಡು, ಎರಡು ಶ್ರದ್ಧಾಂಜಲಿ ಬರೆದುಕೊಟ್ಟಿದ್ದಕ್ಕೆ ಕೂಲಿಯಾಗಿ ಕೊಟ್ಟರು. ಕನ್ನಡ ಎಂ.ಎ. ಮುಗಿಸಿ ಹತ್ತು ತಿಂಗಳಾದ ಮೇಲೆ ನನ್ನ ಮೊದಲ ಸಂಪಾದನೆ, ಕಳೆದುಹೋದ ಒಂದು ವರ್ಷ.

"ಗಲ್ಲಾದಾಗೆ ಚಿಲ್ಲರೆ ಇಲ್ಲ ಕಣವ್ವ ವಜೀರಮ್ಮ. ಇದಾದ್ರೆ ನೂರಿಪ್ಪತ್ತು ರೂಪಾಯಿದು. ನಿನಗೇ ಲಾಭ."

"ಆಯ್ತು ಸಾರ್" ಎಂದೆ. ಬೇರೇನನ್ನೋ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಹೊರಗೆ ಬರುವುದು ಇದೇ.

ನಮ್ಮ ಮನೆಯ ಮಾತು ಉರ್ದು. ಅಬ್ಬಾ ಮಾರ್ಕೆಟ್ಟಿನಲ್ಲಿ ರೈತರ ಜೊತೆ ಅವರಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಮ್ಮಿಗೂ ಬರುವುದಿಲ್ಲ. ಹಾಗಾಗಿ ಈ ಡೈರಿಯನ್ನು ಕನ್ನಡದಲ್ಲಿ ಬರೆದು ಮೇಜಿನ ಮೇಲೆ ತೆರೆದಿಟ್ಟರೂ ಬೀಗ ಹಾಕಿದಂತೆಯೇ.

ಏಪ್ರಿಲ್ 19

ಚನ್ನಪಟ್ಟಣದಿಂದ ಶುಕೂರ್ ಮಾಮು ಬಂದಿದ್ದರು. ಅಮ್ಮಿಯ ಅಣ್ಣ, ಬೊಂಬೆ ವ್ಯಾಪಾರ. ಅವರು ಬಂದರೆ ಯಾರಿಗಾದರೂ ಏನಾದರೂ ಗೊತ್ತುಮಾಡಿಯೇ ಹೋಗುತ್ತಾರೆ. ಈ ಸಲ ನನಗೆ ಕೆಲಸ. ಅವರ ಪರಿಚಯದ ಖಾಸಗಿ ಶಾಲೆಯಲ್ಲಿ ಗುಮಾಸ್ತಿಕೆ, ತಿಂಗಳಿಗೆ ಎರಡೂವರೆ ಸಾವಿರ, ಜೂನ್ ಒಂದರಿಂದ.

"ಫಿಕ್ಸೆಡ್" ಎಂದರು ಮಾಮು. ಆ ಪದವನ್ನು ಹೇಳುವಾಗ ಅವರ ಅಂಗೈ ಮೇಜಿನ ಮೇಲೆ ಊರಿತ್ತು.

ಅಬ್ಬಾಗೆ ಆ ಪದ ಹಿಡಿಸಿಬಿಟ್ಟಿತು. ಗೂಡು ಬೇಯಿಸಿ ನೂಲು ತೆಗೆಯುವ ನಾಲ್ಕು ಒಲೆಯ ರೇಷ್ಮೆ ರೀಲಿಂಗ್ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಎದ್ದು ಗೂಡಿನ ರೇಟು ಎಷ್ಟಿರುತ್ತದೋ, ಸಂಜೆ ರೇಷ್ಮೆಯ ರೇಟು ಎಷ್ಟಕ್ಕೆ ಬೀಳುತ್ತದೋ ಎನ್ನುತ್ತ ಬದುಕಿದವರಿಗೆ ಅದು ದೇವರ ಹೆಸರಿನಷ್ಟೇ ಇಂಪಾಗಿ ಕೇಳಿಸಿರಬೇಕು.

ನಾನು ಬರೆಯುವ ಕೆಲಸವನ್ನೇ ಮಾಡುತ್ತೇನೆ ಎಂದೆ. ಗೋಡೆ ನೋಡಿಕೊಂಡು ಹೇಳಿದೆ. ಅದರಿಂದ ಎಷ್ಟು ಬರುತ್ತದೆ ಎಂದು ಮಾಮು ಕೇಳಿದರು. ಡೈರಿಯನ್ನು ತೋರಿಸುವ ಧೈರ್ಯ ಆಗಲಿಲ್ಲ.

ಕೊನೆಗೆ ಅಬ್ಬಾ ಒಂದು ಮಾತು ಕಟ್ಟಿದರು. ಜೂನ್ ಒಂದರಿಂದ ಡಿಸೆಂಬರ್ ಒಂದರವರೆಗೆ, ಪ್ರತಿ ತಿಂಗಳ ಒಂದನೇ ತಾರೀಕು ಅಮ್ಮಿಯ ಕೈಗೆ ಎರಡೂವರೆ ಸಾವಿರ. ಒಂದು ತಿಂಗಳು ತಪ್ಪಿದರೂ ಚನ್ನಪಟ್ಟಣ.

"ಆಯ್ತು ಅಬ್ಬಾ" ಎಂದೆ.

ಏಪ್ರಿಲ್ 24

ಅಬ್ಬಾ ಊಟದ ಡಬ್ಬಿ ಮರೆತು ಹೋಗಿದ್ದರು. ಕೊಡಲು ಗೂಡಿನ ಮಾರ್ಕೆಟ್ಟಿಗೆ ಹೋದೆ. ಎಷ್ಟು ವರ್ಷವಾಗಿತ್ತೋ ಅಲ್ಲಿಗೆ ಹೋಗಿ. ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ 'ಬಿಸಿನೆಸ್' ಎನ್ನುತ್ತಿದ್ದೆ. ಬೆಂದ ಹುಳುವಿನ ವಾಸನೆ ಕೂದಲಲ್ಲಿ ಉಳಿದಿರಬಾರದೆಂದು ಬಸ್ಸು ಹತ್ತುವ ಮೊದಲು ಮಲ್ಲಿಗೆ ಮುಡಿಯುತ್ತಿದ್ದೆ.

ಅಬ್ಬಾ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳು ಟಕಟಕ ಎಂದರೆ ಗೂಡು ಒಣಗಿದೆ, ಚೆನ್ನಾಗಿದೆ ಎಂದರ್ಥ.

"ಗೌಡ್ರೆ, ಗೂಡು ಒಸಿ ಮೆತ್ತಗೈತಲ್ಲ."

"ಗೂಡು ಮೆತ್ತಗಿಲ್ಲ ಗಫಾರ್ ಸಾಬ್ರೇ, ನಿಮ್ ಜೇಬು ಮೆತ್ತಗೈತೆ" ಎಂದ ಮರಳವಾಡಿಯ ರೈತ. ಇಬ್ಬರೂ ನಕ್ಕರು. ಹರಾಜು ಮೂರು ರೂಪಾಯಿ ಮೇಲೇರಿತು.

ವಾಪಸು ಬರುವಾಗ ಅಬ್ಬಾ ರೆಂಡಿಟ್ಟ ಎಂದರೆ ಏನೆಂದು ಹೇಳಿದರು. ಚಿಕ್ಕಂದಿನಿಂದ ಕೇಳಿದ ಪದ, ಯಾರದೋ ಬೈಗುಳ ಎಂದುಕೊಂಡಿದ್ದೆ. ಒಂದು ಕಿಲೋ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಅದು ರೆಂಡಿಟ್ಟ. ಏಳಾದರೆ ಅಬ್ಬಾ ಊಟ ಮಾಡುತ್ತಾರೆ. ಎಂಟಾದರೆ ತಟ್ಟೆಯನ್ನು ನೋಡುತ್ತಾರೆ.

ಮೇ 6

ಬೆಳೆ ಬಂದಿದೆ! ಮುನಿಶಾಮಯ್ಯನವರ ಪ್ರೆಸ್ಸಿನ ಮುಂದೆ ಶಿಕ್ಷಕರು, ಗುಮಾಸ್ತರು, ಆರೋಗ್ಯ ಇಲಾಖೆಯವರು, ಬೆಂಚು ತುಂಬ ಜನ. ಎಲ್ಲರಿಗೂ ಬೇಕಾದ್ದು ಬಿನ್ನವತ್ತಳೆ. ನಿವೃತ್ತರಾಗುವವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆ ಕೊಡುವ, ಫ್ರೇಮು ಹಾಕಿದ ಹೊಗಳಿಕೆ. ಬರೆಯುವುದಕ್ಕೆ ಇನ್ನೂರು. ಎಲ್ಲವೂ ಒಂದೇ ದಿನಕ್ಕೆ, ಮೇ ಮೂವತ್ತೊಂದಕ್ಕೆ.

ಒಂದೇ ದಿನ ಯಾಕೆ ಸಾರ್ ಎಂದು ಕೇಳಿದೆ.

"ಅದ್ಯಾಕೆ ಅಂದ್ರೆ, ಆ ಕಾಲದಾಗೆ ಯಾವ ಹೈದ ಯಾವತ್ತು ಹುಟ್ಟಿದ ಅಂತ ಅವ್ರವ್ವಂಗೇ ಗೊತ್ತಿರ್ತಿರ್ಲಿಲ್ಲ. 'ರಾಗಿ ಕುಯ್ಯೋವಾಗ ಹುಟ್ಟಿದ್ದು' ಅನ್ನೋರು. ಇಸ್ಕೂಲು ಸುರುವಾಗೋದು ಜೂನು. ಮೇಷ್ಟ್ರು ಎಲ್ಲರ್ಗೂ ಜೂನ್ ಒಂದು ಅಂತ ಗೀಚ್ಬುಡೋರು. ಒಂದನೇ ತಾರೀಕು ಹುಟ್ಟಿದೋನು ಹಿಂದಿನ ದಿನ್ವೇ ರಿಟೇರ್ಡು. ಇಡೀ ರಾಮನಗರ, ಮಾಗಡಿ, ಕನಕಪುರ, ಎಲ್ಲ ಜೂನ್ ಒಂದರಾಗೇ ಹುಟ್ಟಿರೋದು ಕಣವ್ವ."

ಐವತ್ತು ವರ್ಷದ ಹಿಂದೆ ಯಾರೋ ಸೋಮಾರಿ ಮೇಷ್ಟ್ರು ಬಿತ್ತಿದ್ದು ಈಗ ನನ್ನ ಕೈಗೆ ಕೊಯ್ಲಿಗೆ ಬಂದಿದೆ. ಸೋಮಾರಿತನದ ಬಗ್ಗೆ ಇನ್ನು ಮೇಲೆ ಕೆಟ್ಟದಾಗಿ ಮಾತಾಡಬಾರದು.

ಮೇ 13

ಮೊದಲ ಬಿನ್ನವತ್ತಳೆ ವಾಪಸು ಬಂತು. ಮಾಗಡಿ ಕಡೆಯ ಒಬ್ಬ ಗ್ರಾಮಲೆಕ್ಕಿಗರದು. ಅವರ ಜೊತೆ ಒಂದು ಗಂಟೆ ಕೂತಿದ್ದೆ. ನಾನು ಏನೂ ಕೇಳದೆ ಸುಮ್ಮನೆ ಕೂತಿದ್ದರಿಂದ ಅವರು ಎಲ್ಲವನ್ನೂ ಹೇಳಿದರು. ನಾಚಿಕೆಯಿಂದ ಆಗುವ ಲಾಭ ಇದೊಂದೇ. ಇಪ್ಪತ್ತು ವರ್ಷ ಒಬ್ಬ ಮುದುಕಿಯ ಪಹಣಿಯಲ್ಲಿ ತಾವೇ ಮಾಡಿದ್ದ ಒಂದು ತಪ್ಪಕ್ಷರವನ್ನು ತಿದ್ದಿಸಲು ತಾವೇ ಅಲೆದಾಡಿದ್ದನ್ನು ಹೇಳಿದ್ದರು. ಅದನ್ನು ಬರೆದಿದ್ದೆ. ನನಗೆ ಚೆನ್ನಾಗಿದೆ ಎನ್ನಿಸಿತ್ತು.

ಮುನಿಶಾಮಯ್ಯ ಕನ್ನಡಕ ತೆಗೆದರು. "ನಿಜ ಬರೀಬ್ಯಾಡವ್ವ. ಫ್ರೇಮ್ ಹಾಕ್ಸ್ತಾರೆ."

ಸಂಜೆ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಬರೆದುಕೊಟ್ಟೆ. ಒಂದೇ ಸಲಕ್ಕೆ ಪಾಸಾಯಿತು.

ಮೇ 22

ಹದಿನೆಂಟು ಮುಗಿಯಿತು. ಗಂಟೆಗಟ್ಟಲೆ ಕೂತು ಕೇಳುವುದನ್ನು ಬಿಟ್ಟಿದ್ದೇನೆ. ಹೆಸರು, ಹುದ್ದೆ, ಊರು ಕೇಳುತ್ತೇನೆ. ಮೂರು ತರದ ಮೊದಲ ಪ್ಯಾರಾ, ಎರಡು ತರದ ಕೊನೆ ಮಾಡಿಟ್ಟುಕೊಂಡಿದ್ದೇನೆ. ನಡುವಿನದು ಒಂದೇ. ರೆಂಡಿಟ್ಟ ಸುಧಾರಿಸಿದೆ.

ತಾಲ್ಲೂಕು ಕಚೇರಿಯ ಒಬ್ಬರು ಟೇಪು ಅಂಟಿಸಿದ ಐವತ್ತರ ನೋಟು ಕೊಟ್ಟರು. ಗಾಂಧೀಜಿಯ ಕನ್ನಡಕದ ಒಂದು ಗಾಜು ಇಲ್ಲ. ನೋಡಿಯೂ ತೆಗೆದುಕೊಂಡೆ. "ಆಯ್ತು ಸಾರ್" ಎಂದೆ. ಎರಡು ಅಂಗಡಿಯವರು ಅದನ್ನು ಬೇಡವೆಂದರು. ಈಗ ಈ ಪುಟದ ಗುರುತಿಗೆ ಇಟ್ಟಿದ್ದೇನೆ. ಐವತ್ತು ರೂಪಾಯಿಯ ಗುರುತು.

ಮೇ 31

ಇವತ್ತಿನದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಐದು ಜನ ಶಿಕ್ಷಕರಿಗೆ ಒಟ್ಟಿಗೆ ಬೀಳ್ಕೊಡುಗೆ ಇತ್ತು. ನಾಲ್ಕು ಬಿನ್ನವತ್ತಳೆ ನನ್ನವು. ಸಮುದಾಯ ಭವನದ ಹಿಂದುಗಡೆ, ಕುರ್ಚಿ ಜೋಡಿಸಿಟ್ಟ ಕಡೆ ನಿಂತಿದ್ದೆ. ನಾಲ್ಕು ಜನರೂ ಒಂದೇ ವೇದಿಕೆಯ ಮೇಲೆ ಕೂರುತ್ತಾರೆ ಎಂಬುದು ನನಗೆ ಅಲ್ಲಿ ನಿಂತ ಮೇಲೆಯೇ ಹೊಳೆದದ್ದು.

ಮೊದಲನೆಯದನ್ನು ಓದಿದರು. 'ಹಳ್ಳಿಯ ಕಲ್ಲುಹಾದಿಯಲ್ಲಿ ಸೈಕಲ್ಲು ತುಳಿದು ಅಕ್ಷರದ ಬೀಜ ಬಿತ್ತಿದ ತಾವು.' ಚಪ್ಪಾಳೆ. ಎರಡನೆಯದರಲ್ಲೂ ಸೈಕಲ್ಲು. ಚಪ್ಪಾಳೆ ಒಸಿ ಕಡಿಮೆ. ಮೂರನೆಯದನ್ನು ಓದುವಾಗ ಹಿಂದಿನ ಸಾಲಿನ ಹುಡುಗಿಯರು ಕಾದು ಕೂತಿದ್ದರು. "ಹಳ್ಳಿಯ ಕಲ್ಲುಹಾದಿಯಲ್ಲಿ" ಎನ್ನುತ್ತಲೇ ಅವರೆಲ್ಲ ಒಟ್ಟಿಗೆ "ಸೈಕಲ್ಲು!" ಎಂದರು. ಅಧ್ಯಕ್ಷರು ಅದನ್ನು ಅಭಿಮಾನ ಎಂದುಕೊಂಡು ತಾವೂ ಕೈ ತಟ್ಟಿದರು.

ನಾಲ್ಕನೆಯವರು ಅಂಬುಜಮ್ಮ ಟೀಚರು. ಎಂಬತ್ತು ಕಿಲೋ ಇರಬಹುದು. ಸೈಕಲ್ಲು ಅವರನ್ನೂ ಬಿಡಲಿಲ್ಲ.

ಮುಗಿದ ಮೇಲೆ ಓಡಿಹೋಗುವಷ್ಟರಲ್ಲಿ ಅವರೇ ನನ್ನನ್ನು ಕರೆಸಿದರು.

"ನೀನೇನಮ್ಮ ಬರ್ದಿದ್ದು? ನಾನ್ ಸೈಕಲ್ ಕಲೀಲೇ ಇಲ್ಲ ಕಣೆ. ನಮ್ಮಪ್ಪ ಹೆಣ್ ಹುಡುಗೀಗ್ಯಾಕೆ ಅಂತ ಬೈದಿದ್ರು."

"ತಪ್ಪಾಯ್ತು ಟೀಚರ್, ಬೇರೆ ಬರೆದು ಕೊಡ್ತೀನಿ."

"ಬ್ಯಾಡ ಬ್ಯಾಡ. ಎಲ್ರ ಮುಂದೆ ಓದ್ಬುಟ್ರಲ್ಲ. ಹಂಗೇ ಇರ್ಲಿ." ಅವರು ಫ್ರೇಮನ್ನು ಎದೆಗೆ ಒತ್ತಿ ಹಿಡಿದಿದ್ದರು. ಮೊದಲನೆಯವರು ಮಾತ್ರ ಸಿಟ್ಟಾಗಿದ್ದರು. ತಮ್ಮ ಫ್ರೇಮು ಅಂಬುಜಮ್ಮನವರ ಫ್ರೇಮಿಗಿಂತ ಚಿಕ್ಕದೆಂದು.

ಜೂನ್ 1

ಇಪ್ಪತ್ತೆಂಟು ಬಿನ್ನವತ್ತಳೆ. ಐದು ಸಾವಿರದ ಆರುನೂರು ರೂಪಾಯಿ. ಹರಿದ ನೋಟಿನ ಬದಲು ನನ್ನ ಹಳೆಯ ಉಳಿತಾಯದ ಐವತ್ತು ಸೇರಿಸಿ, ಎಲ್ಲವನ್ನೂ ಅಬ್ಬಾ ಎದುರಿಗೇ ಅಮ್ಮಿಯ ಕೈಗೆ ಇಟ್ಟೆ. ಕೇಳಿದ್ದು ಎರಡೂವರೆ ಸಾವಿರ, ಕೊಟ್ಟದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ಅಮ್ಮಿ ಎಣಿಸದೆ ಸೆರಗಿನ ಒಳಗೆ ಹಾಕಿಕೊಂಡರು.

ಅಬ್ಬಾ ಹೇಳಿದ್ದು ಇಷ್ಟೇ: "ಇವತ್ತಿನ ರೇಷ್ಮೆಯ ದುಡ್ಡು ನಾಳೆಯ ಗೂಡಿನದು."

ಅಭಿನಂದನೆ ಹೇಳಲು ಅವರಿಗೆ ಬರುವುದಿಲ್ಲ. ಬಿನ್ನವತ್ತಳೆಯ ಮನೆಯಲ್ಲೇ ಬಿನ್ನವತ್ತಳೆ ಇಲ್ಲ.

ಜೂನ್ 21

ಏನೂ ಇಲ್ಲ. ಮೂರು ಮದುವೆ ಕಾರ್ಡು.

ಜುಲೈ 1

ಒಂಬೈನೂರು ಇತ್ತು. ಅಷ್ಟನ್ನೇ ಅಮ್ಮಿಗೆ ಕೊಟ್ಟೆ. ಇವತ್ತು ಚನ್ನಪಟ್ಟಣದ ಮಾತು ಬರುತ್ತದೆ ಎಂದು ಸಂಜೆಯವರೆಗೆ ಅಡುಗೆ ಮನೆಯಲ್ಲೇ ಇದ್ದೆ. ಅಬ್ಬಾ "ಕೊಟ್ಟಳಾ?" ಎಂದು ಕೇಳಿದ್ದು ಕೇಳಿಸಿತು. ಅಮ್ಮಿ "ಕೊಟ್ಟಳು" ಎಂದರು. ಅದು ಸುಳ್ಳಲ್ಲ. ಒಂಬೈನೂರನ್ನೂ ಕೊಟ್ಟಿದ್ದು ಎಂದೇ ಹೇಳಬೇಕು.

ಜುಲೈ 5

ಮರಳವಾಡಿ ಕಡೆಯ ಶಾಲೆಯ ಹೆಡ್‌ಮಾಸ್ಟರು ವೆಂಕಟಯ್ಯನವರು ಮೂರು ದಿನದ ಹಿಂದೆ ಬಂದಿದ್ದರು. ಈ ತಿಂಗಳ ಮೂವತ್ತೊಂದಕ್ಕೆ ನಿವೃತ್ತಿ. ಅವರ ಶಾಲೆಯವರು ನೂರು ರೂಪಾಯಿ ಮುಂಗಡ ಕೊಟ್ಟಿದ್ದಾರೆ. ಇನ್ನೂ ನಾಲ್ಕು ಜನರದು ಹಾಗೆಯೇ ಬಂದಿದೆ. ಮೇ ತಿಂಗಳಷ್ಟಲ್ಲ, ಆದರೂ ಎರಡನೇ ಬೆಳೆ.

ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಹಳೆಯ ಅಭ್ಯಾಸದಂತೆ ಸುಮ್ಮನೆ ಕೂತೆ. ಅವರು ಮಾತಾಡಿದರು.

"ಮುನ್ನೂರು ಮಕ್ಕಳಿಗಾದ್ರೂ ನಾನೇ ಜೂನ್ ಒಂದು ಹಾಕಿವ್ನಿ ಕಣಮ್ಮ. ನನ್ನದು ಮಾತ್ರ ಆಗಸ್ಟ್ ಒಂದು. ಯಾಕ್ ಗೊತ್ತಾ? ನಮ್ಮಪ್ಪ ಎರಡ್ ತಿಂಗ್ಳು ಇಸ್ಕೂಲಿಗೆ ಬುಡ್ಲಿಲ್ಲ. ದನ ಕಾಯಕೆ ಜನ ಇರ್ಲಿಲ್ಲ. ನಾನು ಹೋದ ದಿನ್ವೇ ಹುಟ್ಟಿದ ದಿನ ಅಂತ ಮೇಷ್ಟ್ರು ಬರ್ಕೊಂಡ್ರು."

ಹುಟ್ಟಿದ ದಿನ ಗೊತ್ತಿಲ್ಲದೆ ಅಳುತ್ತಿದ್ದ ಒಂದು ಹುಡುಗಿಗೆ, ಅವಳೇ ಆರಿಸಿಕೊಳ್ಳಲಿ ಎಂದು ಕ್ಯಾಲೆಂಡರ್ ಕೈಗೆ ಕೊಟ್ಟಿದ್ದನ್ನೂ ಹೇಳಿದರು. ಅವಳು ದೀಪಾವಳಿ ಆರಿಸಿದಳಂತೆ. "ರಜಾ ಅಂತ."

ಇವರಿಗೆ ಸೈಕಲ್ಲು ಬರೆಯಲಾಗಲಿಲ್ಲ. ಕ್ಯಾಲೆಂಡರ್ ಬರೆದೆ. ಎರಡು ದಿನ ತೆಗೆದುಕೊಂಡಿತು. ಇವತ್ತು ಅವರು ಮತ್ತೆ ಬಂದಾಗ ಓದಿ ಹೇಳಿದೆ. ರೆಂಡಿಟ್ಟದ ಲೆಕ್ಕದಲ್ಲಿ ನಷ್ಟ.

ಜುಲೈ 18

ಸರ್ಕಾರ ನಿವೃತ್ತಿಯ ವಯಸ್ಸನ್ನು ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿದೆ.

ಪೇಪರನ್ನು ಮುನಿಶಾಮಯ್ಯನವರು ನನ್ನ ಮುಂದೆ ಇಟ್ಟರು. ಪ್ರೆಸ್ಸಿನ ಎದುರಿನ ಕಚೇರಿಯಲ್ಲಿ ಲಡ್ಡು ಹಂಚುತ್ತಿದ್ದರು. ಒಬ್ಬರು ನಮಗೂ ಎರಡು ತಂದುಕೊಟ್ಟರು.

"ಇನ್ನೆರಡು ವರ್ಸ ಯಾವನೂ ರಿಟೇರ್ಡ್ ಆಗಲ್ಲ" ಎಂದರು ಮುನಿಶಾಮಯ್ಯ, ಲಡ್ಡು ತಿನ್ನುತ್ತ. "ನಮ್ ಪಾಲಿಗೆ ಯಾರೂ ಹುಟ್ಟೇ ಇಲ್ಲ ಅಂದ್ಕೋ."

ಜುಲೈ 22

ನಾಲ್ಕು ಜನರಿಗೆ ಮುಂಗಡ ವಾಪಸು ಕೊಟ್ಟೆ. ನಾನೂರು ರೂಪಾಯಿ. ಯಾರೂ ಬರೆದದ್ದಕ್ಕೆ ಏನಾದರೂ ಇಟ್ಟುಕೋ ಎನ್ನಲಿಲ್ಲ. ಎಲ್ಲರೂ ಬಹಳ ಸಂತೋಷದಲ್ಲಿದ್ದರು.

ಜುಲೈ 26

ಐದನೆಯವರು ವೆಂಕಟಯ್ಯನವರು, ಸ್ವತಃ ಬಂದರು. ನಾನು ನೂರರ ನೋಟನ್ನು ಮೊದಲೇ ಕೈಯಲ್ಲಿ ಹಿಡಿದು ನಿಂತಿದ್ದೆ.

"ಅದು ಇಸ್ಕೂಲಿನೋರ್ದು, ಅವ್ರಿಗೆ ನಾನ್ ಕೊಟ್ಕೋತೀನಿ. ನೀನು ಬರ್ದಿದ್ದೀಯಲ್ಲ, ಅದ ಕೊಡು. ನಂಗ್ ಬೇಕು." ಇನ್ನೂ ನೂರು ಕೊಟ್ಟರು.

"ಸಾರ್, ನೀವಿನ್ನೂ ನಿವೃತ್ತರಾಗಿಲ್ಲ."

"ಅದಕ್ಕೇ ಬೇಕು ಕಣಮ್ಮ. ಅವತ್ತು ನೀನು ಓದಿ ಹೇಳ್ದಲ್ಲ, ಅದರಾಗಿರೋ ಮನುಷ್ಯ ಚೆನ್ನಾಗವ್ನೆ. ಇನ್ನೆರಡು ವರ್ಸ ನಾನು ಅವನಂಗೆ ಇರ್ಬೇಕಲ್ಲ. ನೋಡ್ಕೊಂಡು ಇರ್ಬೇಕು." ನಗುತ್ತ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. "ದನ ಕಾಯಕೆ ಕಳ್ಸಿದ್ದಕ್ಕೆ ನಮ್ಮಪ್ಪನ್ನ ಬೈಕೋತಿದ್ದೆ. ಆ ಎರಡ್ ತಿಂಗ್ಳಿಗೆ ಎರಡ್ ವರ್ಸದ ಸಂಬ್ಳ ಕೊಡ್ಸ್ಬುಟ್ಟ ನೋಡು ಮುದ್ಕ."

ಫ್ರೇಮು ಬೇಕೇ ಎಂದು ಮುನಿಶಾಮಯ್ಯ ಕೇಳಿದರು. ಬೇಡ ಎಂದರು. ನಿಜ ಬರೆದರೆ ಫ್ರೇಮಿಗೆ ನಷ್ಟ ಎಂಬುದು ಸಾಬೀತಾಯಿತು.

ಆಗಸ್ಟ್ 1

ಅಮ್ಮಿಯ ಕೈಗೆ ಆರುನೂರು ಕೊಟ್ಟು, ಇಷ್ಟೇ ಎಂದು ಹೇಳಿ, ಅಳದೆ ನಿಂತಿದ್ದೆ.

ಅಮ್ಮಿ ಅಕ್ಕಿಯ ಡಬ್ಬದ ಹಿಂದಿನಿಂದ ಒಂದು ಬಟ್ಟೆಯ ಗಂಟು ತೆಗೆದರು. ಜೂನಿನಲ್ಲಿ ನಾನು ಕೊಟ್ಟ ಐದು ಸಾವಿರದ ಆರುನೂರರಲ್ಲಿ ಆ ತಿಂಗಳಿಗೆ ಎರಡೂವರೆ ಮಾತ್ರ ತೆಗೆದಿದ್ದರಂತೆ. ಉಳಿದದ್ದಕ್ಕೆ ಜುಲೈನ ಒಂಬೈನೂರು ಸೇರಿಸಿ, ಅದರಲ್ಲಿ ಎರಡೂವರೆ. ಈಗ ಗಂಟಿನಲ್ಲಿ ಸಾವಿರದ ಐನೂರು. ನನ್ನ ಆರುನೂರು. ರೇಷ್ಮೆಯ ವೇಸ್ಟು ಮಾರಿದ್ದು ಯಾವಾಗಲೂ ಅಮ್ಮಿಯ ದುಡ್ಡು, ಅದರಿಂದ ನಾನೂರು. ಎರಡೂವರೆ ಆಯಿತು.

"ನಾನೂರು ಸಾಲ" ಎಂದರು. "ಗಂಟು ಮುಗಿಯಿತು. ಮುಂದಿನ ತಿಂಗಳು ನನ್ನ ಹತ್ತಿರ ಏನೂ ಇಲ್ಲ."

"ಅಬ್ಬಾಗೆ ಗೊತ್ತಾ?"

"ಅವರಿಗೆ ಯಾಕೆ ಗೊತ್ತಾಗಬೇಕು? ಇಪ್ಪತ್ತಾರು ವರ್ಷದಿಂದ ಅವರ ದುಡ್ಡನ್ನೂ ಹೀಗೇ ಮಾಡುತ್ತಿದ್ದೇನೆ. ಒಳ್ಳೆಯ ದಿನ ಬಂದಾಗ ಕುಣಿಯುತ್ತಾರೆ. ಕುಣಿಯಲಿ ಎಂದು ಬಿಡುತ್ತೇನೆ. ಕೆಟ್ಟ ದಿನ ಬಂದಾಗ, ಏನು ಅಮೀರುನ್ನೀಸಾ, ಈ ತಿಂಗಳು ಹೇಗೋ ನಡೆಯಿತಲ್ಲ ಎನ್ನುತ್ತಾರೆ. ಹೇಗೋ!"

ಅಮ್ಮಿ ಮೂರನೇ ಕ್ಲಾಸು. ನಾನು ಎಂ.ಎ.

ಸೆಪ್ಟೆಂಬರ್ 1

ಸ್ವಾತಂತ್ರ್ಯ ದಿನಾಚರಣೆಯ ಭಾಷಣ ಏಳು. ಶ್ರಾವಣದ ಮದುವೆ ಕಾರ್ಡುಗಳು. ನಿವೃತ್ತಿ ವಯಸ್ಸು ಏರಿಸಿದ್ದಕ್ಕೆ ನೌಕರರು ಸರ್ಕಾರಕ್ಕೆ ಕೊಡುವ ಅಭಿನಂದನಾ ಪತ್ರ ಒಂದು, ಅದಕ್ಕೆ ಐನೂರು. ನನ್ನ ಹೊಟ್ಟೆಗೆ ಹೊಡೆದ ಆಜ್ಞೆಯನ್ನು ಮೂರು ಪ್ಯಾರಾ ಹೊಗಳಿದೆ. 'ದೂರದೃಷ್ಟಿಯ ನಿರ್ಧಾರ' ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು, ಶಾಯಿ ಮುಗಿದಿತ್ತು.

ಒಟ್ಟು ಮೂರು ಸಾವಿರ. ಅಮ್ಮಿಯ ಸಾಲ ನಾನೂರು ತೀರಿಸಿದೆ. ಎರಡೂವರೆ ಕೊಟ್ಟೆ. ನೂರು ಉಳಿಯಿತು, ಅದನ್ನು ಯಾರಿಗೂ ತೋರಿಸಲಿಲ್ಲ.

ಅಕ್ಟೋಬರ್ 1

ನಾಳೆ ಹಬ್ಬ. ರಂಜಾನ್ ತಿಂಗಳು ಪೂರ್ತಿ ಕೆಲಸ ಇರಲಿಲ್ಲ. ಪಿತೃಪಕ್ಷವೂ ಇದರೊಳಗೇ ಬಂತು, ಮುನಿಶಾಮಯ್ಯನವರ ಕಡೆಯೂ ಶುಭಕಾರ್ಯವಿಲ್ಲ. ಎರಡು ಧರ್ಮಗಳೂ ಸೇರಿ ನನ್ನ ವಿರುದ್ಧ ನಿಂತಿದ್ದು ಇದೇ ಮೊದಲು.

ಸಾವಿರದ ನೂರೈವತ್ತು. ಅಮ್ಮಿ ಕೈ ಚಾಚಲಿಲ್ಲ, ಒಲೆಯ ಪಕ್ಕದಲ್ಲಿ ಇಟ್ಟೆ. ಅಬ್ಬಾ "ಕೊಟ್ಟಳಾ?" ಎಂದರು. ಅಮ್ಮಿ ಶಾವಿಗೆ ಹುರಿಯುತ್ತಲೇ ಇದ್ದರು.

"ತಪ್ಪಿತು ಅಬ್ಬಾ" ಎಂದು ನಾನೇ ಹೇಳಿದೆ.

ಅವರು "ಹಬ್ಬ ಮುಗಿಯಲಿ. ಸೋಮವಾರ ಶುಕೂರ್ ಜೊತೆ ಹೋಗು" ಎಂದರು. ಬೈಯಲಿಲ್ಲ. ರೆಂಡಿಟ್ಟ ಎಂಟಕ್ಕೆ ಹೋದ ದಿನದ ಮುಖವೇ ಇತ್ತು.

ಅಕ್ಟೋಬರ್ 6

ಬೆಳಿಗ್ಗೆ ಅಮ್ಮಿ ನನಗೆ ಹಬ್ಬದ ಹೊಸ ಬಟ್ಟೆಯನ್ನೇ ಹಾಕಿಸಿದರು. ಚನ್ನಪಟ್ಟಣದ ಬಸ್ಸಿನಲ್ಲಿ, ಹಬ್ಬಕ್ಕೆ ಬಂದು ನಮ್ಮಲ್ಲೇ ಉಳಿದಿದ್ದ ಮಾಮು ದಾರಿಯುದ್ದಕ್ಕೂ ಫಿಕ್ಸೆಡ್ ಫಿಕ್ಸೆಡ್ ಎನ್ನುತ್ತಿದ್ದರು. ಕಂಡಕ್ಟರಿಗೂ ಗೊತ್ತಾಗಿರಬೇಕು. ಕಿಟಕಿಯ ಪಕ್ಕ ಕೂತು, ಇನ್ನು ಈ ಡೈರಿಯಲ್ಲಿ ಬರೆಯುವುದಕ್ಕೆ ಏನಿರುತ್ತದೆ, ಹಾಜರಿ ಪುಸ್ತಕ ಇರುತ್ತದೆ, ಅಷ್ಟೇ ಎಂದುಕೊಂಡೆ.

ಶಾಲೆಯ ಅಧ್ಯಕ್ಷರು ಒಳ್ಳೆಯವರು. ಚಹಾ ತರಿಸಿದರು. ಜೂನಿನಲ್ಲಿ ಸೇರಿದ ಗುಮಾಸ್ತೆ ದಸರೆಗೆ ಮೊದಲೇ ಬಿಟ್ಟುಹೋದಳಂತೆ, ಜಾಗ ಖಾಲಿ ಇದೆ. ಅರ್ಜಿ ಬರಿ ಎಂದು ಒಂದು ಹಾಳೆ ಕೊಟ್ಟರು. ಬರೆದೆ. ಅವರು ಓದಿದರು, ಮತ್ತೊಮ್ಮೆ ಓದಿದರು.

"ಸಂಬಳ ಒಂದನೇ ತಾರೀಕು ಅಲ್ಲವಾ ಸಾರ್?" ಎಂದರು ಮಾಮು, ನನಗೆ ಕೇಳಿಸಲಿ ಎಂದು.

"ಒಂದನೇ ತಾರೀಕು ಅಂತಲ್ಲ ಸಾಬ್ರೇ. ಫೀಸು ಬಂದಂಗೆ ಸಂಬ್ಳ. ಜೂನು ಜುಲೈನಾಗೆ ಕರೆಕ್ಟಾಗಿ ಬತ್ತದೆ. ಆಮ್ಯಾಕೆ ಒಸಿ ಎಳೆದಾಟ. ನಮ್ ಮಕ್ಕಳೆಲ್ಲ ಹೊಂಗನೂರು ಕಡೆ ರೇಷ್ಮೆ ಬೆಳೆಯೋರ ಮಕ್ಕಳು. ಗೂಡಿನ ರೇಟು ಬಿದ್ರೆ ಯಾವ ಅಪ್ಪ ಫೀಸ್ ಕಟ್ತಾನೆ ಹೇಳಿ? ಆದ್ರೆ ಎಲ್ಲೂ ಓಡೋಗಲ್ಲ, ಯಾವತ್ತಾದ್ರೂ ಬಂದೇ ಬತ್ತದೆ. ಫಿಕ್ಸೆಡ್ಡು."

ಮಾಮು ತಮ್ಮ ಚಹಾದ ಲೋಟದೊಳಗೆ ನೋಡಿದರು.

ಅಧ್ಯಕ್ಷರು ನನ್ನ ಅರ್ಜಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. "ಎಷ್ಟ್ ಚೆನ್ನಾಗಿ ಬರೀತೀಯಮ್ಮ! ನಮ್ ವಾರ್ಷಿಕೋತ್ಸವದ ವರದಿ ಒಂದು ಬರ್ಕೊಡಾಕಾಯ್ತದಾ? ನಮ್ ಮೇಷ್ಟ್ರು ಬರೆದ್ರೆ ಮಳೆ ವರದಿ ಇದ್ದಂಗಿರ್ತದೆ."

"ಬರೀತಾಳೆ ಸಾರ್, ಅದಕ್ಕೇನು, ಮನೆಯ ಹುಡುಗಿ" ಎಂದರು ಮಾಮು.

"ಮುನ್ನೂರು ಆಗುತ್ತೆ ಸಾರ್. ಅರ್ಧ ಅಡ್ವಾನ್ಸು" ಎಂಬ ಮಾತು ಕೇಳಿಸಿತು. ಮಾಮು ನನ್ನ ಕಡೆ ತಿರುಗಿದ್ದರಿಂದ ಹೇಳಿದ್ದು ನಾನೇ ಇರಬೇಕು.

ಅಧ್ಯಕ್ಷರು ಜೇಬಿನಿಂದ ನೂರೈವತ್ತು ತೆಗೆದು ಕೊಟ್ಟರು. ಕೆಲಸದ ವಿಷಯ ಯೋಚಿಸಿ ಹೇಳುತ್ತೇವೆ ಎಂದು ಮಾಮುವೇ ಎದ್ದರು. ನನ್ನನ್ನು ಮನೆಗೆ ಬಿಡಲು ಅವರೂ ವಾಪಸು ಬಸ್ಸು ಹತ್ತಿದರು. ಟಿಕೆಟ್ಟನ್ನು ನಾನು ತೆಗೆದೆ.

ಅಬ್ಬಾಗೆ ನಡೆದದ್ದನ್ನೆಲ್ಲ ಹೇಳಿದೆ. 'ಗೂಡಿನ ರೇಟು ಬಿದ್ದರೆ' ಎನ್ನುವಲ್ಲಿಗೆ ಬಂದಾಗ ಅವರು ನಗಲು ಶುರುಮಾಡಿದರು. ಒಲೆಯ ಹತ್ತಿರ ರೇಷ್ಮೆ ಎಳೆಯುತ್ತಿದ್ದ ಅಕ್ಬರಿ ಬೇಗಂ ಕೂಡ ಕೈ ನಿಲ್ಲಿಸಿ ನೋಡಿದಳು.

"ಹಾಗಾದರೆ ಅದೂ ಗೂಡಿನ ಮಾರ್ಕೆಟ್ಟೇ!" ಕಣ್ಣು ಒರೆಸಿಕೊಂಡರು. "ಅಷ್ಟು ದೂರ ಬಸ್ಸಿಗೆ ದುಡ್ಡು ಕೊಟ್ಟು ಹೋಗಬೇಕಾ? ನಮ್ಮದು ಮನೆ ಹತ್ತಿರವೇ ಇದೆಯಲ್ಲ."

ಚನ್ನಪಟ್ಟಣದ ಮಾತು ಅಲ್ಲಿಗೆ ನಿಂತಿತು. ಅಕ್ಟೋಬರಿನ ಕೊರತೆ ಮಾತ್ರ ನಿಲ್ಲಲಿಲ್ಲ. ಸಾವಿರದ ಮುನ್ನೂರೈವತ್ತು ಬಾಕಿ ಎಂದು ಅಮ್ಮಿ ನೆನಪಿಸಿದರು.

ನವೆಂಬರ್ 3

ರಾಜ್ಯೋತ್ಸವದ ಭಾಷಣ ಹದಿನಾಲ್ಕು, ಎಲ್ಲವೂ ಬೇರೆ ಬೇರೆ. ಹದಿನಾಲ್ಕು ಜನರನ್ನೂ ಕಾಲು ಗಂಟೆ ಕೂರಿಸಿ ಮಾತಾಡಿಸಿದೆ. ಗೂಡು ಒಣಗಿದೆಯೋ ಇಲ್ಲವೋ ಟಕಟಕ ಎನ್ನಿಸದೆ ಹೇಗೆ ಗೊತ್ತಾಗಬೇಕು. ಅಮ್ಮಿಗೆ ಎರಡೂವರೆ. ಬಾಕಿಯಲ್ಲಿ ಇನ್ನೂರು. ಮಿಕ್ಕದ್ದು ಬಟ್ಟೆಯ ಗಂಟು, ಈ ಸಲ ನನ್ನದೇ ಪೆಟ್ಟಿಗೆಯಲ್ಲಿ.

ನವೆಂಬರ್ 12

ನಿರುದ್ಯೋಗಿ ಪದವೀಧರರ ಸಂಘದವರು ಬಂದಿದ್ದರು. ಆರು ಜನ, ಹೊಂಗನೂರಿನ ಕೆಂಪರಾಜು ಎಂಬವರು ಕಾರ್ಯದರ್ಶಿ. ಎರಡು ವರ್ಷ ಯಾರೂ ನಿವೃತ್ತರಾಗದಿದ್ದರೆ ಹೊಸಬರಿಗೆ ಜಾಗ ಎಲ್ಲಿ ಎಂದು ಸರ್ಕಾರಕ್ಕೆ ಮನವಿ. ವಾರದ ಹಿಂದೆಯೇ ಇನ್ನೂರು ಮುಂಗಡ ಕೊಟ್ಟಿದ್ದರು, ಬಾಕಿ ಇನ್ನೂರು.

ಕೆಂಪರಾಜು ನಿಂತುಕೊಂಡೇ ಗಟ್ಟಿಯಾಗಿ ಓದಿದರು. 'ಖಾಲಿ ಜಾಗಕ್ಕಾಗಿ ಕಾಯುತ್ತ ಕೂತವರಿಗೆ ಎರಡು ವರ್ಷ ಎಂದರೆ ಬರೀ ಎರಡು ವರ್ಷವಲ್ಲ, ವಯೋಮಿತಿ' ಎಂಬಲ್ಲಿ ಅವರ ದನಿ ಒಡೆಯಿತು. ಮುನಿಶಾಮಯ್ಯ ಮಿಷಿನ್ನು ನಿಲ್ಲಿಸಿದರು.

"ಎದೆಗೆ ಹೊಡ್ದಂಗ್ ಬರ್ದಿದ್ದೀರ ಮೇಡಂ. ನಮ್ ಕಷ್ಟ ಗೊತ್ತಿರೋರು ಮಾತ್ರ ಹಿಂಗ್ ಬರೀತಾರೆ. ನೀವೂ ಎಂ.ಎ. ಅಂತಲ್ಲ? ಇಪ್ಪತ್ಮೂರು ಸೈನ್ ಆಗವೆ. ನಿಮ್ದೊಂದು ಹಾಕ್ಬುಡಿ, ಇಪ್ಪತ್ನಾಲ್ಕು."

ಪೆನ್ನು ನನ್ನ ಕಡೆ ಚಾಚಿದರು.

"ನಾನು ನಿರುದ್ಯೋಗಿ ಅಲ್ಲ" ಎಂದೆ.

ಆರು ಜನರೂ ನನ್ನನ್ನು ನೋಡಿದರು. ಕೆಂಪರಾಜು ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು, ಅಂಗಿಯ ಗುಂಡಿ ಹಾಕಿಕೊಂಡರು. "ಗೊತ್ತಿರ್ಲಿಲ್ಲ ಮೇಡಂ. ಯಾವ ಡಿಪಾರ್ಟ್‌ಮೆಂಟು?"

"ರೀಲಿಂಗು."

ಹೌದಾ ಎಂದು ತಲೆಯಾಡಿಸಿದರು. ಆ ಇಲಾಖೆಯಲ್ಲಿ ಜಾಗ ಖಾಲಿ ಇದೆಯೇ ಎಂದು ಒಬ್ಬರು ಕೇಳಿದರು. ಇದೆ, ಆದರೆ ಸಂಬಳ ದಿನಾ ಹರಾಜು ಎಂದೆ. ಮುನಿಶಾಮಯ್ಯ ಯಾಕೋ ಕೆಮ್ಮಿದರು.

ನಿರುದ್ಯೋಗಿಗಳು, ಒಸಿ ಕಮ್ಮಿ ಮಾಡ್ಕೊಳಿ ಎಂದು ಕೇಳಿದರು. ಮಾಡಲಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಎಲ್ಲರ ಜೇಬಿನಿಂದಲೂ ಕೂಡಿಸಿ ಇನ್ನೂರು ಕೊಟ್ಟರು. ಎಣಿಸಿದೆ. ಒಂದು ಐವತ್ತಕ್ಕೆ ಟೇಪು ಅಂಟಿಸಿತ್ತು. ಬೇರೆ ಕೊಡಿ ಎಂದು ವಾಪಸು ಕೊಟ್ಟೆ, ಕೊಟ್ಟರು.

ನಾಳೆ ಬೆಳಿಗ್ಗೆ ಬೇಗ ಏಳಬೇಕು. ಮಾಗಡಿಯಿಂದ ಒಂದು ಶ್ರದ್ಧಾಂಜಲಿ ಬರುವುದಿದೆ.